ಅಪ್ಪಯ್ಯನ ಜೀಪು, ಮನೆಮಂದಿಯ ದುಡಿಮೆ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಬೋನಸ್ಸುಗಳ ಮಾತು ನಡೆಯುವ ಈ ವೇದಿಕೆಯ ಮೇಲೆ ನಾವು ಇಂದು ಒಂದು ಹಳೆಯ ಜೀಪಿನ ವಿಷಯ ತಂದಿದ್ದೇವೆ. ಇದು ಉಳ್ಳವರ ಶೋಕಿಯಲ್ಲವೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಈ ಜೀಪು ನಮ್ಮ ಅಪ್ಪಯ್ಯನ ಇಪ್ಪತ್ತೆರಡು ವರ್ಷಗಳ ದುಡಿಮೆಗೆ ಬದಲಾಗಿ ಬಂದದ್ದು. ಆದ್ದರಿಂದ ಇದು ಕಾರ್ಮಿಕರ ವಿಷಯವೇ ಸರಿ.

ಅಪ್ಪಯ್ಯ ಒಂದು ಹೋಟೆಲಿನ ಡ್ರೈವರ್. ಬೆಳಗಿನ ಜಾವ ಮಾರುಕಟ್ಟೆಯಿಂದ ತರಕಾರಿ, ತೆಂಗಿನಕಾಯಿ ಹೇರಿಕೊಂಡು ಬರುವುದು ಅವರ ಕೆಲಸ. 2006ರಲ್ಲಿ ಹೋಟೆಲು ಮುಚ್ಚಿತು. ಹತ್ತು ಜನರಿಗಿಂತ ಹೆಚ್ಚು ಮಂದಿ ದುಡಿಯುತ್ತಿದ್ದ ಅಂಗಡಿ ಅದು. 1972ರ ಗ್ರಾಚ್ಯುಯಿಟಿ ಕಾಯಿದೆಯಂತೆ ವರ್ಷಕ್ಕೆ ಹದಿನೈದು ದಿನಗಳ ಸಂಬಳದ ಲೆಕ್ಕದಲ್ಲಿ ಹಣ ಸಲ್ಲಬೇಕಿತ್ತು. ಮಾಲೀಕರು ಹಣ ಕೊಡಲಿಲ್ಲ. "ಜೀಪು ತೆಗೆದುಕೊಂಡು ಹೋಗು" ಎಂದರು. ಅದು ವಸಾಯಿಯಲ್ಲಿ ಭಾವನ ಶೆಡ್ಡಿನ ಹಿಂದೆ ತಾಡಪಾಲಿನಡಿ ವರ್ಷಗಟ್ಟಲೆ ಬಿದ್ದಿತ್ತು. ಗುಜರಿಯವರು ಎರಡು ಸಲ ಬಂದು ಬೆಲೆ ಕಟ್ಟಿದರು. ಅಪ್ಪಯ್ಯ ಒಪ್ಪಲಿಲ್ಲ.

ಈ ಗಾಡಿಯ ಹಿಂದೆ ನಮ್ಮಂಥವರ ಚರಿತ್ರೆಯೇ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕದಲ್ಲಿ ಹುಟ್ಟಿದ ಜೀಪನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿ ಇದೇ ಮುಂಬಯಿಯ ಮಝಗಾಂವ್‌ನಲ್ಲಿ ಜೋಡಿಸತೊಡಗಿತು. ಹಡಗಿನಲ್ಲಿ ಬಂದ ಬಿಡಿಭಾಗಗಳನ್ನು ಗಾಡಿಯಾಗಿ ನಿಲ್ಲಿಸಿದವರು ಈ ನಗರದ ಕಾರ್ಮಿಕರು. ನಮ್ಮದು ಸಿ.ಜೆ. 3ಬಿ ಮಾದರಿ, 1964ರ ನೋಂದಣಿ. ಇದರ ಬಾನೆಟ್ಟು ಹಳೆಯ ಯುದ್ಧದ ಜೀಪಿಗಿಂತ ಎತ್ತರ. ನಾಲ್ಕು ಸಿಲಿಂಡರಿನ ಹರಿಕೇನ್ ಎಂಜಿನ್ನಿಗೆ ಒಳಸೇರುವ ಗಾಳಿಯ ವಾಲ್ವುಗಳು ತಲೆಯ ಮೇಲಿರುವುದೇ ಅದಕ್ಕೆ ಕಾರಣ.

ಕಳೆದ ವರ್ಷ ಮನೆಮಂದಿಯೆಲ್ಲ ಸೇರಿ ಕೆಲಸಕ್ಕೆ ಇಳಿದೆವು. ವಾರದ ರಜೆಯ ದಿನವೇ ನಮ್ಮ ಕಾರ್ಖಾನೆ. ಭಾವ ಮೆಕ್ಯಾನಿಕ್, ಆದ್ದರಿಂದ ಅವರದೇ ಮೇಸ್ತ್ರಿಕೆ. ಅಕ್ಕ ಸೀಟಿನ ಹೊದಿಕೆ ಹೊಲಿದಳು. ಅಕ್ಕನ ಮಗಳು ಬಿಚ್ಚಿದ ಪ್ರತಿಯೊಂದು ನಟ್ಟು ಬೋಲ್ಟನ್ನೂ ಚೀಲಕ್ಕೆ ಹಾಕಿ ಚೀಟಿ ಬರೆದಿಟ್ಟಳು. ಬಿಚ್ಚುವ ಮುಂಚೆ ಫೋಟೋ ತೆಗೆದಳು. "ಹೆಣ್ಣು ಹುಡುಗಿಗೆ ಪಾನಾ ಯಾಕೆ?" ಎಂದು ನೆರೆಯವರು ಕೇಳಿದರು. ಇವತ್ತು ಯಾವ ಬೋಲ್ಟು ಎಲ್ಲಿಯದೆಂದು ಭಾವನೇ ಅವಳನ್ನು ಕೇಳುತ್ತಾರೆ.

ಬಣ್ಣ ಮೊದಲು ಬಳಿಯೋಣ ಎಂದು ಮಕ್ಕಳ ಹಟ. ಕಾವಲಿ ಕಾಯುವ ಮುಂಚೆ ಹಿಟ್ಟು ಹೊಯ್ದರೆ ದೋಸೆ ಏಳುತ್ತದೆಯೇ? ತುಕ್ಕು ತೆಗೆಯದೆ ಬಣ್ಣ ಬಳಿದರೆ ಅದೇ ಗತಿ. ಜಡಗಟ್ಟಿದ ಎಂಜಿನ್ನಿಗೆ ಪ್ಲಗ್ಗಿನ ತೂತುಗಳಿಂದ ಎಣ್ಣೆ ಬಿಟ್ಟು ದಿನಗಟ್ಟಲೆ ನೆನೆಯಲು ಬಿಟ್ಟೆವು. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಮೆಲ್ಲನೆ ತಿರುಗಿಸಿದೆವು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಯಲ್ಲೇ ಇಡಬೇಕೆಂದು ಅಪ್ಪಯ್ಯ ಕಲಿಸಿದರು. ಎಂಜಿನ್ ಹಿಂದಕ್ಕೆ ಒದೆದರೆ ಸುತ್ತಿ ಹಿಡಿದವನ ಕೈ ಮುರಿಯುತ್ತದೆ.

ಗ್ಯಾರೇಜಿನಲ್ಲಿ ದುಡಿಯುವ ಸೋದರರು ಮೂರು ಮಾತು ನೆನಪಿಡಬೇಕು. ಒಂದು, ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ಮಲಗಬೇಡಿ, ಸ್ಟ್ಯಾಂಡು ಕೊಡಿ. ಎರಡು, ಈ ಜೀಪಿನ ಪೆಟ್ರೋಲ್ ಟ್ಯಾಂಕು ಡ್ರೈವರನ ಸೀಟಿನ ಕೆಳಗೇ ಇದೆ. ಅದನ್ನು ಕಳಚಿ ದೂರವಿಡದೆ ವೆಲ್ಡಿಂಗ್ ಮಾಡಿಸಬೇಡಿ. ಖಾಲಿ ಟ್ಯಾಂಕಿನ ಆವಿಯೂ ಸಿಡಿಯುತ್ತದೆ. ಮೂರು, ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಆ ಧೂಳು ಪುಪ್ಪುಸಕ್ಕೆ ವಿಷ. ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಮಾಲೀಕ ಅವಸರಪಡಿಸಿದರೂ ಈ ಮೂರನ್ನು ಬಿಡಬೇಡಿ.

ನಡುವೆ ಮನೆಯಲ್ಲೇ ಒಂದು ವಾದ ಎದ್ದಿತು. ಹೊಸ ಡೀಸೆಲ್ ಎಂಜಿನ್ ಕೂರಿಸಿ, ಬಾಡಿಗೆಗೆ ಬಿಡೋಣ ಎಂದು ಅಳಿಯ. ಅವನ ಮಾತಿನಲ್ಲೂ ನ್ಯಾಯವಿತ್ತು. ಮನೆಯಲ್ಲಿ ಖರ್ಚು ಇದೆ. ಆದರೆ 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಚಾಸಿ, ಹೊರಮೈ, ಎಂಜಿನ್ನುಗಳು ಮೂಲ ರೂಪದಲ್ಲೇ ಇರಬೇಕು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ವ್ಯಾಪಾರಕ್ಕೂ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ಸಂಪಾದನೆಯೋ, ಉಳಿಸಿಕೊಳ್ಳುವುದೋ ಎಂದು ಎರಡು ವಾರ ಚರ್ಚಿಸಿದೆವು. ಕೊನೆಗೆ ಅಪ್ಪಯ್ಯ, "ಇದು ಇಪ್ಪತ್ತೆರಡು ವರ್ಷ ದುಡಿದಿದೆ, ಇನ್ನು ದುಡಿಸುವುದು ಬೇಡ" ಎಂದರು. ಅಳಿಯ ಸುಮ್ಮನಾದ. ಮರುವಾರ ಕುರ್ಲಾಕ್ಕೆ ಹೋಗಿ ಹಳೆಯ ಎಂಜಿನ್ನಿಗೇ ಸಾಮಾನು ಹುಡುಕಿ ತಂದವನೂ ಅವನೇ.

ಎಂಜಿನ್ ಈಗ ಓಡುತ್ತಿದೆ. ಬ್ರೇಕಿನ ಕೆಲಸ ಬಾಕಿ ಇದೆ. ಅದರಲ್ಲಿ ಅವಸರ ಸಲ್ಲದು. ಈ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಮಾಸ್ಟರ್ ಸಿಲಿಂಡರ್, ಒಂದು ಕೊಳವೆ ಸೋರಿದರೆ ನಾಲ್ಕೂ ಕೈಕೊಡುತ್ತವೆ. ಮಾಲೀಕರ ಹೆಸರಿನಲ್ಲೇ ಉಳಿದ ಆರ್.ಸಿ. ಪುಸ್ತಕವನ್ನು ಅಪ್ಪಯ್ಯನ ಹೆಸರಿಗೆ ಮಾಡಿಸುವುದೂ ಬಾಕಿ. ಅದಕ್ಕಾಗಿ ಮಾಲೀಕರ ಮನೆಯವರ ಸಹಿಗೆ ಓಡಾಡುತ್ತಿದ್ದೇವೆ.

ಸೋದರರೇ, ಮನೆಮಂದಿ ಕೂಡಿ ಕೈಯಿಟ್ಟರೆ ಗುಜರಿಗೂ ಜೀವ ಬರುತ್ತದೆ, ನಿಜ. ಹಾಗೆಂದು ದುಡಿದವನ ಪಾಲಿಗೆ ಗುಜರಿ ಕೊಟ್ಟದ್ದು ನ್ಯಾಯವಾಗುವುದಿಲ್ಲ. ನಿಮ್ಮ ಹಾಜರಿ, ಸಂಬಳದ ಚೀಟಿಗಳನ್ನು ಜೋಪಾನವಾಗಿಡಿ. ಕೆಲಸ ಬಿಡುವ ದಿನ ಬಾಕಿಯನ್ನು ಹಣದ ರೂಪದಲ್ಲೇ ಕೇಳಿ. ಒಬ್ಬರೇ ಕೇಳಲು ಅಂಜಿಕೆಯಾದರೆ ಸಂಘಕ್ಕೆ ಬನ್ನಿ.