ಕಾಣಿಕೆಯ ಒರೆಗಲ್ಲು

ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ ಶೇಡಬಾಳವೇ ನನ್ನ ಊರು. ದಾನದ ಹಿರಿಮೆ ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕನ್ನೂ ಅವಲಂಬಿಸಿದೆಯೆಂಬ ಜೈನರ ಮಾತನ್ನು ಕೇಳಿ ಬೆಳೆದವನು ನಾನು. ಕ್ರೈಸ್ತ ಸಭೆಯ ಕಾಣಿಕೆಯನ್ನೂ ಅದೇ ಒರೆಗೆ ಹಚ್ಚಿ ನೋಡಬಹುದು.

ಅನನೀಯನು ಹೊಲ ಮಾರಿದ ಹಣದಲ್ಲಿ ಒಂದು ಪಾಲನ್ನು ಬಚ್ಚಿಟ್ಟು, ಉಳಿದುದನ್ನೇ ಪೂರ್ತಿಯೆಂಬಂತೆ ಅಪೊಸ್ತಲರ ಮುಂದಿಟ್ಟನು. ಹಣ ಅವನದೇ, ಕೊಡಲೇಬೇಕೆಂಬ ಕಟ್ಟಳೆಯಿರಲಿಲ್ಲ. ಪೇತ್ರನು ಅವನನ್ನು ಜರೆದುದು ಕಡಿಮೆ ಕೊಟ್ಟುದಕ್ಕಲ್ಲ, ಸುಳ್ಳಾಡಿದುದಕ್ಕೆ.

ಪಡೆಯುವವರಿಗೂ ಹೊಣೆಯುಂಟು. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದ ಪೌಲನು, ಅಪವಾದಕ್ಕೆ ಎಡೆಯಿರಬಾರದೆಂದು ಸಭೆಗಳೇ ಆರಿಸಿದವನನ್ನು ಜೊತೆಗಿರಿಸಿಕೊಂಡನು. ಇದು ಬರಿಯ ಲೆಕ್ಕಪತ್ರದ ಮಾತಲ್ಲ. ಬಡ ವಿಧವೆಯೊಬ್ಬಳು ತನ್ನ ಜೀವನಕ್ಕಿದ್ದ ಎರಡೇ ಕಾಸುಗಳನ್ನು ಹಾಕಿದಾಗ, ಯೇಸು ಅದನ್ನು ಸಿರಿವಂತರ ಕಾಣಿಕೆಗಿಂತ ದೊಡ್ಡದೆಂದನು. ಪ್ರತಿಯೊಂದು ಕಾಣಿಕೆಪೆಟ್ಟಿಗೆಯಲ್ಲಿಯೂ ಅಂಥ ಎರಡು ಕಾಸುಗಳು ಇರಬಹುದು. ಪೆಟ್ಟಿಗೆಯನ್ನು ತೆರೆಯುವವರು ಇದನ್ನು ಮರೆಯಬಾರದು.