ಔರಾದ್‌ನ ಗುಳಿಗೆ, ಬೀದರ್‌ನ ಐಸಿಯು

ಔರಾದ್, ಭಾಲ್ಕಿಯಿಂದ ಸೀರಿಯಸ್ ಅಂತ ರೋಗಿಯನ್ನ ಬೀದರ್‌ಗೆ ತಂದಾಗ ಡಾಕ್ಟರು ಮೊದಲ ಆಂಟಿಬಯೋಟಿಕ್ ಅಂದಾಜಿನ ಮೇಲೇ ಕೊಡಬೇಕು. ಬೇರೆ ದಾರಿ ಇಲ್ಲ, ಕಲ್ಚರ್ ವರದಿಗೆ ಎರಡು-ಮೂರು ದಿನ ಬೇಕು. ಬ್ಯಾಕ್ಟೀರಿಯಾದೊಳಗೆ ಎನ್‌ಡಿಎಂ-1 ಜೀನ್ ಇದ್ರೆ ಆ ಅಂದಾಜು ಕೈಕೊಡಬಹುದು. ನಂಜು ರಕ್ತಕ್ಕೇರಿದವರಿಗೆ ಆ ಎರಡು ದಿನ ಅಂದ್ರೆ ಜೀವದ ಪ್ರಶ್ನೆ.

ಈ ಜೀನ್ 2008ರಲ್ಲಿ ಸಿಕ್ಕಿದ್ದು, ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರ ಕ್ಲೆಬ್ಸಿಯೆಲ್ಲಾದಲ್ಲಿ. ಐಸಿಯುನಲ್ಲಿ ಕೊನೆಗೆ ಕೈಹಾಕೋ ಮೆರೋಪೆನೆಮ್ ಇಂಜೆಕ್ಷನ್ನನ್ನೇ ಇದರ ಕಿಣ್ವ ಒಡೆದು ಹಾಕುತ್ತೆ. ಇನ್ನೂ ಕೆಟ್ಟದ್ದು ನೋಡ್ರಿ: ಇದು ಪ್ಲಾಸ್ಮಿಡ್ ಅನ್ನೋ ಪುಟ್ಟ ಉಂಗುರದ ಮೇಲಿರುತ್ತೆ. ನಾವು ಬ್ಲೂಟೂತ್‌ನಲ್ಲಿ ಹಾಡು ಕಳಿಸಿದಂಗೆ ಒಂದು ಬ್ಯಾಕ್ಟೀರಿಯಾ ಬೇರೆ ಜಾತಿಯದಕ್ಕೂ ಅದನ್ನ ದಾಟಿಸುತ್ತೆ.

ಚೀಟಿ ಇಲ್ದೆ ಮೆಡಿಕಲ್‌ನಲ್ಲಿ ತಗೊಳ್ಳೋ ಗುಳಿಗೆ ಈ ಜೀನನ್ನ ಹುಟ್ಟಿಸಲ್ಲ. ಮದ್ದಿಗೆ ಬಗ್ಗೋ ಬ್ಯಾಕ್ಟೀರಿಯಾವನ್ನ ಕೊಂದು, ಬಗ್ಗದವಕ್ಕೆ ಹೊಟ್ಟೆಯೊಳಗೆ ಜಾಗ ಖಾಲಿ ಮಾಡಿಕೊಡುತ್ತೆ. ಸ್ಟ್ರಿಪ್ ಮೇಲಿನ ಕೆಂಪು ಗೆರೆ ಅದಕ್ಕೇ ಇರೋದು.

ಮನೆಯವರು ಅಡ್ಮಿಟ್ ಆದ್ರೆ, ಮೊದ್ಲು ತಗೊಂಡ ಗುಳಿಗೆಯ ಖಾಲಿ ಸ್ಟ್ರಿಪ್ ತೋರಿಸ್ರಿ, ಫೋನಲ್ಲಿ ಫೋಟೋ ಇದ್ರೂ ಸಾಕು. ಕಲ್ಚರ್‌ಗೆ ಸ್ಯಾಂಪಲ್ ಹೋಯ್ತಾ ಅಂತ ಕೇಳೋಕೆ ಸಂಕೋಚ ಬೇಡ.