ನಿಂತೇ ದುಡಿಯುವವರ ಸಂಘ

ಹೊಸೂರಿನ ಜವಳಿ ಅಂಗಡಿ, ಡಿಪಾರ್ಟ್‌ಮೆಂಟ್ ಸ್ಟೋರುಗಳಿಗೆ ಕೆಲಸಕ್ಕೆ ಹೋಗೋ ನಮ್ಮ ಕೇರಿ ಹೆಣ್ಣುಮಕ್ಕಳನ್ನ ಒಮ್ಮೆ ಕೇಳಿ, ದಿನಕ್ಕೆ ಎಷ್ಟು ಹೊತ್ತು ಕೂರ್ತೀಯವ್ವ ಅಂತ. ನಮ್ಮ ಹಿರಿಯರನ್ನ ಜಗಲಿ ಮೇಲೆ ಕೂರಿಸಲಿಲ್ಲ. ಇವರಿಗೆ ಸ್ಟೂಲೂ ಇಲ್ಲ.

ಇದೇ ಪ್ರಶ್ನೆ ಪಕ್ಕದ ಕೇರಳದ ಕಲ್ಲಿಕೋಟೆಯಲ್ಲಿ ಎದ್ದಿತ್ತು. ಅಲ್ಲಿನ ಮಿಠಾಯಿ ಬೀದಿಯ ಅಂಗಡಿ ಹೆಂಗಸರಿಗೆ ಕೂರೋಕೆ ಜಾಗವಿಲ್ಲ, ಶೌಚಾಲಯವಿಲ್ಲ. ನೀರು ಕುಡಿಯೋಕೂ ಭಯ. ಬಟ್ಟೆ ಹೊಲಿಯುತ್ತಿದ್ದ ಪಿ. ವಿಜಿ ಎಂಬಾಕೆ ಅವರನ್ನು 'ಪೆಣ್‌ಕೂಟ್ಟು' ಹೆಸರಲ್ಲಿ ಒಗ್ಗೂಡಿಸಿದರು, ಆಮೇಲೆ ಯೂನಿಯನ್ನನ್ನೂ ಕಟ್ಟಿದರು. 2014ರ ಕೊನೆಗೆ ತ್ರಿಶೂರಿನ ಒಂದು ಸೀರೆ ಅಂಗಡಿಯೆದುರು ಅಲ್ಲಿಯ ಕೆಲಸಗಾರ್ತಿಯರು ಧರಣಿ ಕೂತರು. ದಿನವಲ್ಲ ವಾರವಲ್ಲ, ನೂರು ದಿನ ದಾಟಿತು! 2018ರಲ್ಲಿ ಕೇರಳ ಸರ್ಕಾರ ಕಾನೂನನ್ನೇ ತಿದ್ದಿತು.

2021ರಲ್ಲಿ ನಮ್ಮ ತಮಿಳುನಾಡೂ 1947ರ ಅಂಗಡಿಗಳ ಕಾಯ್ದೆಗೆ 22-ಎ ಕಲಮು ಸೇರಿಸಿತು. ಎಲ್ಲ ಕೆಲಸಗಾರರಿಗೂ ಮಾಲೀಕರು ಆಸನ ಒದಗಿಸಲೇಬೇಕು.

ಕಲಮು ಬಂತು, ಸ್ಟೂಲು ಬಂತಾ? ಒಬ್ಬಳೇ ಕೇಳಿದರೆ ನಾಳೆಯಿಂದ ಬರಬೇಡ ಅಂತಾರೆ. ಅದಕ್ಕೇ ಸಂಘ ಬೇಕು. ಮಾಲೀಕರು ಕಾರ್ಮಿಕ ಸಂಘವನ್ನ ಮಾನ್ಯ ಮಾಡಲೇಬೇಕು ಅಂತ ಬಾಬಾಸಾಹೇಬರು 1943ರಲ್ಲೇ ಮಸೂದೆ ತಂದಿದ್ದರು. ಇವತ್ತು ಮನೆಗೆ ಹೋಗಿ ಅಕ್ಕತಂಗಿಯರಿಗೆ ಈ ಕಲಮಿನ ನಂಬರು ಹೇಳಿ. ಕಾರ್ಮಿಕ ಇಲಾಖೆಗೆ ದೂರು ಕೊಡೋಕೆ ಅವರು ಹೊರಟರೆ ಜೊತೆಗೆ ನೀವೂ ಹೋಗಿ.